ಪಂಗಡವಿಲ್ಲದ ಚರ್ಚು ಕಟ್ಟಿದ ಮಾಳದ ಮಗಳು: ಪಂಡಿತಾ ರಮಾಬಾಯಿ

ಬೆಂಗಳೂರಿನ ಹೊರವಲಯದ ಹೊಸ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಸೇರುವ ದೊಡ್ಡ ಪ್ರಾರ್ಥನಾ ಮಂದಿರಗಳು ಈಗ ಅಪರೂಪವಲ್ಲ. ಅವುಗಳಲ್ಲಿ ಹಲವು ಕ್ಯಾಥೊಲಿಕ್ ಧರ್ಮಪ್ರಾಂತಕ್ಕೆ ಸೇರಿಲ್ಲ. ದಕ್ಷಿಣ ಭಾರತ ಸಭೆಗೂ ಸೇರಿಲ್ಲ. ಮೆಥೋಡಿಸ್ಟ್, ಲೂಥರನ್ ಎಂಬ ಹಳೆಯ ಹೆಸರುಗಳೂ ಅವುಗಳ ಫಲಕದ ಮೇಲೆ ಕಾಣುವುದಿಲ್ಲ. ಯಾವ ಪಂಗಡಕ್ಕೂ ಸೇರದ ಇಂಥ ಸಭೆಗಳು ಅಮೆರಿಕದಿಂದ ಈಚೆಗೆ ಬಂದ ಹೊಸ ಪದ್ಧತಿ ಎಂಬುದು ಸಾಮಾನ್ಯ ತಿಳಿವಳಿಕೆ.

ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಂಥದೊಂದು ಬೃಹತ್ ಸಭೆಯನ್ನು ಕಟ್ಟಿ, ಯಾವ ಬಿಷಪ್ಪರ ಅಧಿಕಾರಕ್ಕೂ ಒಪ್ಪಿಸದೆ ನಡೆಸಿದ ಭಾರತೀಯ ಮಹಿಳೆಯೊಬ್ಬರಿದ್ದರು. ಅವರು ಹುಟ್ಟಿದ್ದು ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ. ತಂದೆಯ ಊರು ಕಾರ್ಕಳ ತಾಲ್ಲೂಕಿನ ಮಾಳ. ಸಂಸ್ಕೃತ ವಿದ್ವತ್ತಿಗೆ ಕಲ್ಕತ್ತೆಯ ಪಂಡಿತರಿಂದ ಸರಸ್ವತಿ ಎಂಬ ಬಿರುದು ಪಡೆದ, ಮುಂದೆ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಪಂಡಿತಾ ರಮಾಬಾಯಿ ಅವರೇ ಆ ಮಹಿಳೆ. ಮಹಾರಾಷ್ಟ್ರ ಅವರನ್ನು ಸಮಾಜ ಸುಧಾರಕಿ ಎಂದು ನೆನೆಯುತ್ತದೆ. ಹುಟ್ಟಿದ ನಾಡಿನಲ್ಲಿ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

ಉಡುಪಿಯಲ್ಲಿ ಎದ್ದ ಪ್ರಶ್ನೆ

ರಮಾಬಾಯಿ ಅವರ ಕಥೆ ಆರಂಭವಾಗುವುದು ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಅವರ ಹಟದಿಂದ. ಚಿತ್ಪಾವನ ಬ್ರಾಹ್ಮಣರಾದ ಅನಂತ ಶಾಸ್ತ್ರಿಗಳು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದರು. ಹೆಂಗಸೊಬ್ಬರು ಶ್ಲೋಕಗಳನ್ನು ಸ್ಫುಟವಾಗಿ ಹೇಳುವುದನ್ನು ಕೇಳಿದ ಶಾಸ್ತ್ರಿಗಳು ತಮ್ಮ ಪತ್ನಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಬಳಿಕ ಗೋದಾವರಿ ತೀರದಲ್ಲಿ ಯಾತ್ರಿಕರೊಬ್ಬರ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಊರಿಗೆ ಕರೆತಂದ ಅವರು, ಈ ಬಾರಿ ಪಾಠವನ್ನು ನಿಲ್ಲಿಸಲಿಲ್ಲ.

ಹೆಂಗಸಿಗೆ ದೇವಭಾಷೆ ಕಲಿಸಿದ ಸುದ್ದಿ ಕರಾವಳಿಯಲ್ಲೆಲ್ಲ ಹಬ್ಬಿತು. ಶಾಸ್ತ್ರಿಗಳು ಉಡುಪಿಯ ವಿದ್ವಾಂಸರ ಮುಂದೆ ಬಂದು ಉತ್ತರಿಸಬೇಕಾಯಿತು. ಅವರು ತಲೆ ತಗ್ಗಿಸಿ ಹಿಂದಿರುಗಲಿಲ್ಲ. ಸ್ತ್ರೀಯರಿಗೆ ವಿದ್ಯೆ ನಿಷಿದ್ಧವಲ್ಲವೆಂಬುದಕ್ಕೆ ಗ್ರಂಥಗಳಿಂದಲೇ ಆಧಾರಗಳನ್ನು ಆರಿಸಿ ಮಂಡಿಸಿದರು. ಆಚಾರವಂತ ವೈಷ್ಣವರಾಗಿದ್ದ ಅವರು ಶಾಸ್ತ್ರವನ್ನು ಬಿಟ್ಟವರಲ್ಲ. ಶಾಸ್ತ್ರವನ್ನು ಓದಿದವರು ತಾವೂ ಹೌದು ಎಂದು ತೋರಿಸಿದವರು. ಮೇಲಿನವರು ಹೇಳಿದರೆಂದು ಒಪ್ಪದೆ ಮೂಲವನ್ನೇ ತೆರೆದು ನೋಡುವ ಈ ಗುಣ ಮಗಳಿಗೂ ಬಂತು.

ಊರಿನ ಗದ್ದಲ ಬೇಡವೆಂದು ಶಾಸ್ತ್ರಿಗಳು ಕುದುರೆಮುಖ ಶ್ರೇಣಿಯ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ, ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳತೊಡಗಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಆ ನೆಲೆಯಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಬಂದ ಯಾತ್ರಿಕರಿಗೆಲ್ಲ ಅನ್ನ ಹಾಕುತ್ತ ಹಾಕುತ್ತ ಶಾಸ್ತ್ರಿಗಳ ಆಸ್ತಿ ಕರಗಿ ಸಾಲ ಬೆಳೆಯಿತು. ಕೊನೆಗೆ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಾಗ ರಮಾಬಾಯಿ ಆರು ತಿಂಗಳ ಕೂಸು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಮಗುವನ್ನು ಘಟ್ಟದಿಂದ ಇಳಿಸಲಾಯಿತು.

ಬರಗಾಲದ ಪಾಠ

ಮುಂದಿನ ಹದಿನಾರು ವರ್ಷಗಳ ಕಾಲ ಈ ಕುಟುಂಬಕ್ಕೆ ನಿಂತ ಮನೆಯೆಂಬುದು ಇರಲಿಲ್ಲ. ದೇವಸ್ಥಾನಗಳ ಪ್ರಾಂಗಣದಲ್ಲಿ, ನದಿಯ ದಡದಲ್ಲಿ ಪುರಾಣ ಓದಿ ಬಂದ ದಾನದಲ್ಲಿ ಜೀವನ. ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರು. ಹನ್ನೆರಡರ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಬಾಯಿಪಾಠವಾಗಿದ್ದವು. ಮರಾಠಿ, ಕನ್ನಡ, ಹಿಂದೂಸ್ತಾನಿ ಭಾಷೆಗಳು ತಿರುಗಾಟದಲ್ಲೇ ನಾಲಗೆಗೆ ಹತ್ತಿದವು. ಹಿರಿಯ ಮಗಳ ಬಾಲ್ಯವಿವಾಹ ಕೆಟ್ಟಿದ್ದನ್ನು ಕಂಡಿದ್ದ ಶಾಸ್ತ್ರಿಗಳು ಕಿರಿಯ ಮಗಳಿಗೆ ಬಾಲ್ಯದಲ್ಲಿ ಮದುವೆ ಮಾಡಲಿಲ್ಲ.

ಅಷ್ಟರಲ್ಲಿ ದಕ್ಷಿಣದಲ್ಲಿ ಬರ ಬಿತ್ತು. ಕೈಯಲ್ಲಿದ್ದುದೆಲ್ಲ ಮುಗಿದ ಮೇಲೆ, ಕೂಲಿ ಮಾಡಿ ಅಭ್ಯಾಸವಿಲ್ಲದ, ಭಿಕ್ಷೆ ಬೇಡಲು ಮನಸ್ಸು ಬಾರದ ಕುಟುಂಬ ತಿರುಪತಿಯ ಸುತ್ತಿನ ಕಾಡನ್ನು ಸೇರಿ ಹನ್ನೊಂದು ದಿನ ನೀರು, ಎಲೆ ಮತ್ತು ಕಾಡು ಈಚಲ ಹಣ್ಣಿನ ಮೇಲೆ ಜೀವ ಹಿಡಿದಿತ್ತು. ರಮಾಬಾಯಿಗೆ ಹದಿನಾರು ವರ್ಷವಾಗಿದ್ದಾಗ ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ತಾಯಿಯ ಶವ ಹೊರಲು ನಾಲ್ಕನೆಯ ಹೆಗಲು ಸಿಗಲಿಲ್ಲ. ಅಣ್ಣ ಶ್ರೀನಿವಾಸ ಮತ್ತು ಇಬ್ಬರು ಬ್ರಾಹ್ಮಣರ ಜೊತೆಗೆ ರಮಾಬಾಯಿಯೇ ಚಟ್ಟಕ್ಕೆ ಕೈ ಕೊಟ್ಟರು. ಎತ್ತರ ಸಾಲದ್ದರಿಂದ ಆಕೆ ತನ್ನ ಭಾಗವನ್ನು ತಲೆಯ ಮೇಲೆ ಹೊರಬೇಕಾಯಿತು. ಅಕ್ಕ ಕೃಷ್ಣಾಬಾಯಿಯೂ ಕಾಲರಾಕ್ಕೆ ಬಲಿಯಾದರು.

ಹಸಿದ ಹೆಣ್ಣುಮಗುವಿಗೆ ಲೋಕ ಏನು ಮಾಡುತ್ತದೆ ಎಂಬುದನ್ನು ರಮಾಬಾಯಿ ಪುಸ್ತಕದಿಂದ ಕಲಿತವರಲ್ಲ. ಮುಂದೆ ಎರಡು ಬರಗಾಲಗಳಲ್ಲಿ ಅವರು ಸಾವಿರಾರು ಹುಡುಗಿಯರನ್ನು ಎತ್ತಿ ತಂದದ್ದರ ಹಿಂದೆ ಈ ಹನ್ನೊಂದು ದಿನಗಳ ನೆನಪು ಇತ್ತು.

ಕಲ್ಕತ್ತೆಯಿಂದ ಪುಣೆಗೆ

ಉಳಿದ ಅಣ್ಣ-ತಂಗಿ ಉತ್ತರ ಭಾರತವನ್ನೆಲ್ಲ ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತರ ಯುವತಿಯ ಸಂಸ್ಕೃತ ಕೇಳಿ ನಗರದ ವಿದ್ವಾಂಸರು ಬೆರಗಾದರು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಬ್ರಾಹ್ಮ ಸಮಾಜದ ನಾಯಕ ಕೇಶವಚಂದ್ರ ಸೇನ್ ಅವರು ವೇದವನ್ನೂ ಓದುವಂತೆ ಪ್ರೋತ್ಸಾಹಿಸಿದರು. ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಷ್ಟೂ ಹೆಂಗಸರ ಮತ್ತು ಶೂದ್ರರ ಮೋಕ್ಷದ ವಿಷಯದಲ್ಲಿ ಆ ಗ್ರಂಥಗಳ ಮಾತು ಅವರಿಗೆ ಒಪ್ಪಿಗೆಯಾಗದೆ ಹೋಯಿತು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿ, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ನೋಂದಣಿ ವಿವಾಹವಾದರು. ಜಾತಿ ಬೇರೆ, ಪ್ರಾಂತ ಬೇರೆ, ಪುರೋಹಿತರಿಲ್ಲ. ಆ ಕಾಲಕ್ಕೆ ಇದು ಎರಡೂ ಕಡೆಯ ಬಂಧುಗಳನ್ನು ಕಳೆದುಕೊಳ್ಳುವ ಮದುವೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಅವರ ಕೈಗೆ ಮೊದಲು ಬಂದಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ, 1882ರ ಫೆಬ್ರುವರಿಯಲ್ಲಿ, ಕಾಲರಾ ಬಿಪಿನ್ ಬಿಹಾರಿ ಅವರನ್ನು ಕೊಂಡೊಯ್ದಿತು.

ಇಪ್ಪತ್ಮೂರರ ವಿಧವೆ ಮಗುವನ್ನು ಎತ್ತಿಕೊಂಡು ಪುಣೆಗೆ ಬಂದರು. ಕೇಶಮುಂಡನ ಮಾಡಿಸಿಕೊಂಡು ಮೂಲೆ ಹಿಡಿಯಲಿಲ್ಲ. ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. 1882ರಲ್ಲೇ ಮರಾಠಿಯಲ್ಲಿ 'ಸ್ತ್ರೀ ಧರ್ಮ ನೀತಿ' ಎಂಬ ಪುಸ್ತಕ ಬರೆದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ, ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರು ಬೇಕು, ಹೆಂಗಸರ ಕಾಯಿಲೆಗೆ ವೈದ್ಯೆಯರು ಬೇಕು ಎಂದು ಸಾಕ್ಷ್ಯ ನುಡಿದರು. ತಾವೇ ವೈದ್ಯಕೀಯ ಓದಬೇಕೆಂದು 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು.

ದೀಕ್ಷೆ ಪಡೆದರು, ಅಧೀನರಾಗಲಿಲ್ಲ

ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠವೊಂದು ಅವರಿಗೆ ಆಶ್ರಯ ನೀಡಿತು. ಬೀದಿಪಾಲಾದ ಹೆಂಗಸರಿಗೆ ಆ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಗೃಹಗಳನ್ನು ಕಂಡು ಅವರ ಮನಸ್ಸು ಮೆತ್ತಗಾಯಿತು. 1883ರ ಸೆಪ್ಟೆಂಬರ್ 29ರಂದು ತಾಯಿ-ಮಗಳು ದೀಕ್ಷಾಸ್ನಾನ ಪಡೆದರು. ಸುದ್ದಿ ಪುಣೆಗೆ ಮುಟ್ಟಿದಾಗ ಅವರನ್ನು ಕೊಂಡಾಡಿದ್ದವರೇ ಬೆನ್ನು ತಿರುಗಿಸಿದರು.

ಮತಾಂತರವಾದವರು ಹೇಳಿದಂತೆ ಕೇಳುತ್ತಾರೆ ಎಂದು ಮಠದವರು ಭಾವಿಸಿದ್ದರೆ, ಆ ಎಣಿಕೆ ಬಹುಬೇಗ ತಲೆಕೆಳಗಾಯಿತು. ಮಾರ್ಗದರ್ಶಕಿಯಾಗಿದ್ದ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ರಮಾಬಾಯಿ ನಡೆಸಿದ ದೀರ್ಘ ಪತ್ರವ್ಯವಹಾರ ಇಂದಿಗೂ ಉಳಿದಿದೆ. ತ್ರಿತ್ವದ ಸಿದ್ಧಾಂತವನ್ನು ಅವರು ಪ್ರಶ್ನಿಸಿದರು. ಪವಾಡಗಳನ್ನು ಪ್ರಶ್ನಿಸಿದರು. ಚರ್ಚಿನ ಅಧಿಕಾರಿಗಳು ಹೇಳಿದ್ದನ್ನೆಲ್ಲ ದೇವರ ಮಾತೆಂದು ನಂಬಬೇಕೆಂಬುದನ್ನು ಒಪ್ಪಲಿಲ್ಲ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಏಕಿರಬೇಕು, ಸಂಸ್ಕೃತ ಏಕಿರಬಾರದು ಎಂದು ಕೇಳಿದರು. ಸಸ್ಯಾಹಾರವನ್ನು ಬಿಡಲಿಲ್ಲ. ಚೆಲ್ಟನ್‌ಹ್ಯಾಂ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಬಳಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡಸರಿಗೂ ಪಾಠ ಹೇಳುವ ಮಾತು ಬಂದಿತು. ಅದು ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂದು ಬಿಷಪ್ಪರು ಅಡ್ಡ ಬಂದರು. ಒಂದು ಕಾಲಕ್ಕೆ ಉಡುಪಿಯಲ್ಲಿ ತಂದೆಯ ಎದುರು ನಿಂತಿದ್ದ ಪ್ರಶ್ನೆಯೇ ಬೇರೆ ವೇಷದಲ್ಲಿ ಇಂಗ್ಲೆಂಡಿನಲ್ಲಿ ಮಗಳ ಎದುರು ಬಂದು ನಿಂತಿತ್ತು.

ಪಂಗಡಗಳ ಗೋಜಲೂ ಅವರನ್ನು ಕಾಡಿತು. ಆಗಿನ ಭಾರತದಲ್ಲಿ ಒಂದೊಂದು ಸೀಮೆಯನ್ನು ಒಂದೊಂದು ವಿದೇಶಿ ಸಂಸ್ಥೆ ಹಂಚಿಕೊಂಡಿತ್ತು. ಕನ್ನಡ ನಾಡನ್ನೇ ನೋಡುವುದಾದರೆ ಮಂಗಳೂರು, ಧಾರವಾಡಗಳಲ್ಲಿ ಬಾಸೆಲ್ ಮಿಷನ್, ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥೋಡಿಸ್ಟರು. ಯುರೋಪಿನ ಹಳೆಯ ಜಗಳಗಳಿಂದ ಹುಟ್ಟಿದ ಈ ಹೆಸರುಗಳನ್ನು ಭಾರತದ ಕ್ರೈಸ್ತರು ಹೊರಬೇಕಾದ ಅಗತ್ಯವೇನು ಎಂಬುದು ರಮಾಬಾಯಿ ಅವರ ಪ್ರಶ್ನೆಯಾಗಿತ್ತು. ಅಂಥ ಕೆಲವು ಪಂಗಡಗಳು ದಕ್ಷಿಣ ಭಾರತ ಸಭೆಯಾಗಿ ಒಂದಾದದ್ದು 1947ರ ಸೆಪ್ಟೆಂಬರ್‌ನಲ್ಲಿ. ಅವರು ಆ ಪ್ರಶ್ನೆ ಎತ್ತಿದ ಅರವತ್ತು ವರ್ಷಗಳ ನಂತರ.

ಶಾರದಾ ಸದನ

ಕಿವಿ ಮಂದವಾಗಿದ್ದರಿಂದ ವೈದ್ಯಕೀಯ ಓದಿನ ಆಸೆ ಕೈಬಿಟ್ಟಿತು. 1886ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಅವರ ವೈದ್ಯಕೀಯ ಪದವಿ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು; ಅಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಉಳಿದು ಊರೂರು ಸುತ್ತಿ ಭಾಷಣ ಮಾಡಿದರು. ಮೇಲ್ಜಾತಿಯ ಹಿಂದೂ ಮಹಿಳೆಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಬರೆದ ಅವರ ಪುಸ್ತಕ ಸಾವಿರಾರು ಪ್ರತಿ ಮಾರಾಟವಾಯಿತು. ಆ ಪುಸ್ತಕವನ್ನು ಅವರು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದ್ದರು. ಅದೇ ವರ್ಷ ಬಾಸ್ಟನ್ನಿನಲ್ಲಿ ಬೇರೆ ಬೇರೆ ಪಂಗಡಗಳವರು ಸೇರಿ ರಮಾಬಾಯಿ ಸಂಘ ಕಟ್ಟಿ, ಹತ್ತು ವರ್ಷಗಳ ನೆರವಿಗೆ ಮಾತು ಕೊಟ್ಟರು. ವಿಧವೆಯರ ಸ್ಥಿತಿಯನ್ನು ಅಲ್ಲಿ ಚಿತ್ರಿಸಿದ ರೀತಿಗೆ ಭಾರತದಲ್ಲಿ ಆಕ್ಷೇಪವೂ ಬಂತು. ಮುಂದೆ ಸ್ವಾಮಿ ವಿವೇಕಾನಂದರು ಅಮೆರಿಕದಲ್ಲಿದ್ದಾಗ ಬ್ರೂಕ್ಲಿನ್‌ನ ರಮಾಬಾಯಿ ಬಳಗದೊಂದಿಗೆ ಇದೇ ವಿಷಯವಾಗಿ ವಿವಾದ ನಡೆಯಿತು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ವಿಧವೆಯರಿಗೆ ಊಟ, ವಸತಿ, ವಿದ್ಯೆ ಕೊಡುವ ಶಾಲೆ ಅದು. ಧರ್ಮಬೋಧೆ ಇಲ್ಲ, ಜಾತಿಯ ಆಚಾರಕ್ಕೆ ಅಡ್ಡಿ ಇಲ್ಲ ಎಂಬುದು ನಿಯಮ. ಮೊದಲು ಬಂದ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದರು. ಆಕೆಯನ್ನೇ 1893ರಲ್ಲಿ ಧೋಂಡೊ ಕೇಶವ ಕರ್ವೆ ಮರುಮದುವೆಯಾದರು. ಅದೇ ಕರ್ವೆಯವರು ಮುಂದೆ ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು.

1890ರಲ್ಲಿ ಸದನ ಪುಣೆಗೆ ಬಂತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮುಂಜಾನೆ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಬಾಲಗಂಗಾಧರ ತಿಲಕರ 'ಕೇಸರಿ' ಪತ್ರಿಕೆ ಇದನ್ನು ಮತಾಂತರದ ಹುನ್ನಾರವೆಂದು ಖಂಡಿಸಿತು. ಬಾಗಿಲು ಮುಚ್ಚಿಕೊಳ್ಳಲು ರಮಾಬಾಯಿ ಒಪ್ಪಲಿಲ್ಲ. ತಾವು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹೊರಗಟ್ಟುವುದೂ ಇಲ್ಲ ಎಂಬುದು ಅವರ ನಿಲುವು. 1893ರಲ್ಲಿ ಸಲಹಾ ಸಮಿತಿ ರಾಜೀನಾಮೆ ಕೊಟ್ಟಿತು. ಪೋಷಕರು ಸುಮಾರು 25 ಹುಡುಗಿಯರನ್ನು ಕರೆದುಕೊಂಡು ಹೋದರು.

ಇಲ್ಲಿ ಎರಡೂ ಕಡೆಯವರ ಮಾತಿಗೆ ತೂಕವಿತ್ತು. ಧರ್ಮಬೋಧೆ ಇರದೆಂಬ ಮಾತಿನ ಮೇಲೆ ಮಕ್ಕಳನ್ನು ಕಳುಹಿಸಿದ್ದ ಮನೆಗಳು ಮೋಸಹೋದೆವೆಂದುಕೊಂಡವು. ತಮ್ಮ ಮನೆಯಲ್ಲೇ ತಮ್ಮ ನಂಬಿಕೆಯನ್ನು ಅಡಗಿಸಿಡಬೇಕೆಂಬ ಬೇಡಿಕೆ ರಮಾಬಾಯಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ಒಡಕು ಮತ್ತೆ ಕೂಡಿಕೊಳ್ಳಲಿಲ್ಲ. ಪುಣೆಯ ಸುಧಾರಕರ ಬಳಗ ಒಬ್ಬ ಧೀಮಂತ ಮಹಿಳೆಯನ್ನು ಕಳೆದುಕೊಂಡಿತು. ರಮಾಬಾಯಿ ತಮ್ಮ ಸಮಾಜದ ನಡುವೆ ನಿಂತು ಮಾತನಾಡುವ ಜಾಗವನ್ನು ಕಳೆದುಕೊಂಡರು.

ಕೇಡಗಾಂವಿನ ಮುಕ್ತಿ

ಪುಣೆಯಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಸೊಲ್ಲಾಪುರದ ರೈಲು ಮಾರ್ಗದಲ್ಲಿ ಕೇಡಗಾಂವ್ ಎಂಬ ಸಣ್ಣ ಊರು. ಗುಂಡ್ಲುಪೇಟೆಯಾಚೆಯ ಹಂಗಳವನ್ನು ಊಟಿ ರಸ್ತೆಯಿಂದ ಗುರುತಿಸುವಂತೆ, ಕೇಡಗಾಂವನ್ನು ಗುರುತಿಸುತ್ತಿದ್ದುದು ಆ ರೈಲು ನಿಲ್ದಾಣದಿಂದ. ಅಮೆರಿಕದ ಸಂಘದ ಹತ್ತು ವರ್ಷಗಳ ನೆರವು ಮುಗಿಯುವ ಹೊತ್ತಿಗೆ ಶಾಲೆ ತನ್ನ ಕಾಲ ಮೇಲೆ ನಿಲ್ಲಲೆಂದು ರಮಾಬಾಯಿ ಅಲ್ಲಿ ಸುಮಾರು 100 ಎಕರೆ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದ್ದರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಬಂತು. ಹುಡುಗಿಯರನ್ನು ಹಿಡಿ ಧಾನ್ಯಕ್ಕೆ ಮಾರುವವರು, ಕೊಳ್ಳುವವರು ಹುಟ್ಟಿಕೊಂಡಿದ್ದರು. ರಮಾಬಾಯಿ ಖುದ್ದಾಗಿ ಅಲ್ಲಿಗೆ ಹೋಗಿ ಸುಮಾರು 300 ಹುಡುಗಿಯರನ್ನು ಉಳಿಸಿ ತಂದರು. ಅದೇ ಸಮಯಕ್ಕೆ ಪುಣೆಯಲ್ಲಿ ಪ್ಲೇಗ್ ಹಬ್ಬಿ, ಹೊಸಬರನ್ನು ನಗರದಲ್ಲಿ ಇಟ್ಟುಕೊಳ್ಳದಂತೆ ಅಧಿಕಾರಿಗಳು ತಡೆದರು. ಹುಡುಗಿಯರೆಲ್ಲ ಕೇಡಗಾಂವಿನ ಹೊಲಕ್ಕೆ ಬಂದರು. ಡೇರೆ, ಗುಡಿಸಲುಗಳಲ್ಲಿ ಆರಂಭವಾದ ಆ ನೆಲೆಗೆ ಮುಕ್ತಿ ಎಂದು ಹೆಸರಾಯಿತು. ಪ್ಲೇಗ್ ಶಿಬಿರಗಳಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ 1897ರಲ್ಲಿ ಅವರು ಮುಂಬಯಿಯ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಸರ್ಕಾರದವರೂ ಕ್ರೈಸ್ತರೇ ಎಂಬುದು ಅವರ ಬಾಯಿ ಕಟ್ಟಲಿಲ್ಲ.

1900ರಲ್ಲಿ ಗುಜರಾತಿನ ಬರ ಬಂದಾಗ ಮುಕ್ತಿಯ ಜನಸಂಖ್ಯೆ ಸುಮಾರು 2,000ಕ್ಕೆ ಏರಿತು. ರೈಲು ಹಳಿಯ ಬದಿಯಲ್ಲಿ ಒಂದು ಪುಟ್ಟ ಪಟ್ಟಣವೇ ಎದ್ದಿತು. ಬಾವಿಗಳು, ಹೊಲ, ದನದ ಕೊಟ್ಟಿಗೆ, ಎಣ್ಣೆ ಗಾಣ, ಮಗ್ಗ, ಹೊಲಿಗೆ ಕೋಣೆ, ಮುದ್ರಣಾಲಯ. ಎಲ್ಲವನ್ನೂ ನಡೆಸುತ್ತಿದ್ದವರು ಹೆಂಗಸರು. ದಾರಿ ತಪ್ಪಿದವರೆಂದು ಸಮಾಜ ಹೊರಹಾಕಿದವರಿಗೆ ಕೃಪಾ ಸದನ, ವೃದ್ಧೆಯರಿಗೆ ಪ್ರೀತಿ ಸದನ, ಅಂಧರಿಗೆ ಬೇರೆ ವಿಭಾಗ ಇದ್ದವು. ಮನೋರಮಾ ಅಮೆರಿಕದಲ್ಲಿ ಬ್ರೈಲ್ ಕಲಿತು ಬಂದು ಅಂಧ ಹುಡುಗಿಯರಿಗೆ ಓದು ಕಲಿಸಿದರು.

ಆ ಪಟ್ಟಣದ ನಡುವೆ ಚರ್ಚು. 1899ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಮುಕ್ತಿಯ ಎಲ್ಲರೂ ಒಟ್ಟಿಗೆ ಕೂರಬೇಕೆಂದು ಕಟ್ಟಿದ ವಿಶಾಲವಾದ ಆ ಕಟ್ಟಡದಲ್ಲಿ ಜನ ನೆಲದ ಮೇಲೆಯೇ ಕುಳಿತು ಪ್ರಾರ್ಥಿಸುತ್ತಿದ್ದರು. ಆ ಚರ್ಚಿಗೆ ಪಂಗಡವಿರಲಿಲ್ಲ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಂದ ಮೆಥೋಡಿಸ್ಟರು ಮತ್ತು ಇತರ ಪಂಗಡದವರು ನೆರವಿಗೆ ಬಂದರು. ಬಂದವರು ತಮ್ಮ ಪಂಗಡದ ಹೆಸರನ್ನು ಹೊರಗಿಟ್ಟು ರಮಾಬಾಯಿ ಅವರ ಕೈಕೆಳಗೆ ದುಡಿದರು. ಬಿಳಿಯ ಮಿಷನರಿಗಳು ಭಾರತೀಯರನ್ನು ಆಳುವುದೇ ರೂಢಿಯಾಗಿದ್ದ ಕಾಲದಲ್ಲಿ ಭಾರತೀಯ ವಿಧವೆಯೊಬ್ಬರು ಬಿಳಿಯ ಮಿಷನರಿಗಳಿಗೆ ಕೆಲಸ ಹಂಚುತ್ತಿದ್ದರು. ಯಾವ ಮಿಷನ್ ಸಂಸ್ಥೆಯ ನಿಗದಿತ ವೇತನವೂ ಮುಕ್ತಿಗೆ ಇರಲಿಲ್ಲ. ಬ್ರಿಸ್ಟಲ್‌ನ ಅನಾಥಾಲಯದ ಜಾರ್ಜ್ ಮುಲ್ಲರ್, ಚೀನಾದ ಹಡ್ಸನ್ ಟೇಲರ್ ಅವರ ಮಾದರಿಯನ್ನು ಓದಿಕೊಂಡಿದ್ದ ರಮಾಬಾಯಿ, ಬಂದ ದಾನದಲ್ಲಿ ನಡೆಸುವುದು, ಕೊಡುವವರ ಅಂಕೆಗೆ ಸಿಲುಕದಿರುವುದು ಎಂಬ ದಾರಿ ಹಿಡಿದಿದ್ದರು.

1905ರ ಉಜ್ಜೀವನ

1904ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ, ಬಳಿಕ ಅಸ್ಸಾಮಿನ ಖಾಸಿ ಗುಡ್ಡಗಳಲ್ಲಿ ಧಾರ್ಮಿಕ ಉಜ್ಜೀವನದ ಅಲೆ ಎದ್ದಿತ್ತು. ಅದನ್ನು ತಿಳಿದ ರಮಾಬಾಯಿ ಮುಕ್ತಿಯಲ್ಲಿ ಪ್ರಾರ್ಥನಾ ಗುಂಪುಗಳನ್ನು ಆರಂಭಿಸಿದರು. ಸುಮಾರು 550 ಮಂದಿ ದಿನಕ್ಕೆರಡು ಬಾರಿ ಸೇರತೊಡಗಿದರು. 1905ರ ಜೂನ್ ಕೊನೆಯ ಹೊತ್ತಿಗೆ ಹುಡುಗಿಯರು ಗಟ್ಟಿಯಾಗಿ ಅಳುವುದು, ಏಕಕಾಲಕ್ಕೆ ಕೂಗಿ ಪ್ರಾರ್ಥಿಸುವುದು ನಡೆಯಿತು. ನಂತರ ಕೆಲವರು ತಾವು ಕಲಿಯದ ಭಾಷೆಗಳಲ್ಲಿ ನುಡಿದರೆಂದು ನೋಡಿದವರು ದಾಖಲಿಸಿದರು. ವಿದೇಶಿ ಅತಿಥಿಗಳಲ್ಲಿ ಕೆಲವರು ಇದನ್ನು ಅಶಿಸ್ತು ಎಂದರು. ಭಾರತದ ಹೆಣ್ಣುಮಕ್ಕಳು ಅವರದೇ ರೀತಿಯಲ್ಲಿ ಪ್ರಾರ್ಥಿಸಲಿ, ಇಂಗ್ಲಿಷರಂತೆ ಮೌನವಾಗಿ ಕೂರಬೇಕೆಂದಿಲ್ಲ ಎಂಬುದು ರಮಾಬಾಯಿ ಅವರ ಉತ್ತರವಾಗಿತ್ತು.

ಇಂದು ಜಗತ್ತಿನಾದ್ಯಂತ ಹರಡಿರುವ ಪೆಂಟೆಕೋಸ್ಟಲ್ ಚಳವಳಿಯ ಮೂಲವನ್ನು 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಆರಂಭವಾದ ಸಭೆಗಳಲ್ಲಿ ಗುರುತಿಸುವುದು ರೂಢಿ. ಮುಕ್ತಿಯ ಉಜ್ಜೀವನ ಅದಕ್ಕಿಂತ ಮೊದಲಿನದು. ಮುಕ್ತಿಯಲ್ಲಿ ದುಡಿಯುತ್ತಿದ್ದ ಅಮೆರಿಕದ ಮಿನ್ನೀ ಏಬ್ರಮ್ಸ್ 1906ರಲ್ಲಿ ಈ ಅನುಭವವನ್ನು ಕಿರುಪುಸ್ತಕವಾಗಿ ಬರೆದರು. ಅದರ ಪ್ರತಿಯೊಂದು ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಪರೈಸೊದಲ್ಲಿದ್ದ ಗೆಳತಿಯ ಮನೆಗೆ ಹೋಯಿತು. ಆ ದೇಶದ ಪೆಂಟೆಕೋಸ್ಟಲ್ ಸಭೆಗಳು 1909ರ ಉಜ್ಜೀವನದಿಂದ ಹುಟ್ಟಿದವು. ಆ ಪುಸ್ತಕ ಅದಕ್ಕೊಂದು ಪ್ರೇರಣೆ. ಹೀಗೆ ವಸ್ತುಗಳು ಪಶ್ಚಿಮದಿಂದಲೇ ಇತ್ತ ಬರುತ್ತವೆ ಎಂಬ ಎಣಿಕೆಯನ್ನು ಕೇಡಗಾಂವಿನ ಕಥೆ ಸುಳ್ಳು ಮಾಡುತ್ತದೆ.

ಆದರೆ ಮುಕ್ತಿಯ ಬಗೆಗಿನ ಕಠಿಣ ಪ್ರಶ್ನೆ ಇನ್ನೂ ಉಳಿದಿದೆ. ಹಸಿವಿನಿಂದ ಸಾಯುತ್ತಿದ್ದ ಮಕ್ಕಳಿಗೆ ಅನ್ನ ಕೊಟ್ಟ ಮನೆಯ ಧರ್ಮವನ್ನು ಆ ಮಕ್ಕಳು ಸ್ವಇಚ್ಛೆಯಿಂದ ಆರಿಸಿಕೊಂಡರೆಂದು ಹೇಳಲು ಸಾಧ್ಯವೇ? ತಮ್ಮ ಆತ್ಮಸಾಕ್ಷಿಯ ಮೇಲೆ ಯಾರ ಅಧಿಕಾರವನ್ನೂ ಸಹಿಸದ ರಮಾಬಾಯಿ ಅವರ ಆಶ್ರಯದಲ್ಲಿ ಬೆಳೆದ ಹುಡುಗಿಯರಿಗೆ ಅಷ್ಟೇ ಬಿಡುವು ಇತ್ತೇ? ಎತ್ತಿ ತಂದಿರದಿದ್ದರೆ ಆ ಮಕ್ಕಳಲ್ಲಿ ಬಹಳ ಮಂದಿ ಉಳಿಯುತ್ತಿರಲಿಲ್ಲ ಎಂಬುದೂ ಸತ್ಯ. ಅವರ ಜೀವನವನ್ನು ಬರೆಯುವವರು ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿದರೆ ಚಿತ್ರ ಅರೆಯಾಗುತ್ತದೆ.

ಗುಲ್ಬರ್ಗದ ಶಾಲೆ, ಕೊನೆಯ ಕೆಲಸ

ಕೇಡಗಾಂವಿನ ಮೂಲಕ ಹಾದುಹೋಗುವ ರೈಲು ಹಳಿ ಸೊಲ್ಲಾಪುರ ದಾಟಿ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗಕ್ಕೆ, ಅಂದರೆ ಇಂದಿನ ಕಲಬುರಗಿಗೆ, ಬರುತ್ತದೆ. 1912ರ ಸುಮಾರಿಗೆ ರಮಾಬಾಯಿ ಅಲ್ಲೊಂದು ಕ್ರೈಸ್ತ ಪ್ರೌಢಶಾಲೆ ತೆರೆದರು. ಮನೋರಮಾ ಅದರ ಹೊಣೆ ಹೊತ್ತರು. ಘಟ್ಟದಿಂದ ಬುಟ್ಟಿಯಲ್ಲಿ ಇಳಿದಿದ್ದ ಮಗುವಿನ ಬದುಕಿನ ದುಡಿಮೆ ಈ ರೀತಿಯಲ್ಲಿ ಕನ್ನಡ ನೆಲಕ್ಕೂ ಸ್ವಲ್ಪ ತಲುಪಿತು.

ಕೊನೆಯ ವರ್ಷಗಳನ್ನು ರಮಾಬಾಯಿ ಬೈಬಲ್ ಅನುವಾದಕ್ಕೆ ಮೀಸಲಿಟ್ಟರು. ಆಗಿದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಎಟಕುವುದಿಲ್ಲ ಎಂಬುದು ಅವರ ಕೊರಗು. ಸಂಸ್ಕೃತದ ಪಂಡಿತೆ ಸಂಸ್ಕೃತದ ಭಾರ ಇಳಿಸಿದ ಸರಳ ಮರಾಠಿಯನ್ನು ಹುಡುಕಿದರು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಅಕ್ಷರ ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಂಗಸರೇ. ಇಡೀ ಬೈಬಲ್ಲನ್ನು ಒಬ್ಬ ಮಹಿಳೆ ಮೂಲ ಭಾಷೆಗಳಿಂದ ಅನುವಾದಿಸಿ, ಮಹಿಳೆಯರೇ ಅಚ್ಚು ಮಾಡಿದ ಉದಾಹರಣೆ ಬಲು ವಿರಳ.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಚಿನ್ನದ ಪದಕ ನೀಡಿತು. 1921ರ ಜುಲೈ 24ರಂದು ಉತ್ತರಾಧಿಕಾರಿ ಎಂದು ನಂಬಿದ್ದ ಮಗಳು ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಅನುವಾದದ ಕರಡು ತಿದ್ದುವ ಕೆಲಸವನ್ನು ಮುಗಿಸಿದ ರಮಾಬಾಯಿ ಮುದ್ರಿತ ಪುಸ್ತಕವನ್ನು ಕಾಣಲಿಲ್ಲ. 1922ರ ಏಪ್ರಿಲ್ 5ರಂದು, 64 ತುಂಬಲು 18 ದಿನ ಬಾಕಿ ಇರುವಾಗ, ಕೇಡಗಾಂವಿನಲ್ಲಿ ಅವರು ಕಣ್ಣು ಮುಚ್ಚಿದರು. ಪೂರ್ಣ ಬೈಬಲ್ 1924ರಲ್ಲಿ ಹೊರಬಂತು.

ಭಾರತ ಸರ್ಕಾರ 1989ರಲ್ಲಿ ಅವರ ಅಂಚೆಚೀಟಿ ಹೊರತಂದಿತು. ಮುಕ್ತಿ ಮಿಷನ್ ಕೇಡಗಾಂವಿನಲ್ಲಿ ಇಂದಿಗೂ ಇದೆ. ಹಿಂದೂ ಸುಧಾರಕರು ಅವರನ್ನು ಮತಾಂತರಗೊಂಡವರೆಂದು ಬದಿಗಿಟ್ಟರು. ಚರ್ಚುಗಳ ಇತಿಹಾಸ ಅವರನ್ನು ಯಾವ ಪಂಗಡದ ಲೆಕ್ಕಕ್ಕೆ ಹಾಕಬೇಕೆಂದು ತಿಳಿಯದೆ ಬಹುಕಾಲ ಅಂಚಿಗೆ ಸರಿಸಿತು. ಯಾರ ಪಟ್ಟಿಯಲ್ಲೂ ಸರಿಯಾಗಿ ಕೂರದಿರುವುದು ಅವರೇ ಆರಿಸಿಕೊಂಡ ಬದುಕಿನ ಬೆಲೆಯಾಗಿತ್ತು. ಪಂಗಡದ ಹೆಸರಿಲ್ಲದ ಹೊಸ ಸಭೆಗಳು ನಗರಗಳ ಅಂಚಿನಲ್ಲಿ ಏಳುತ್ತಿರುವ ಈ ಕಾಲದಲ್ಲಿ ಅವುಗಳ ಒಳಗಿನವರೂ ಹೊರಗಿನವರೂ ಅವರ ಬದುಕನ್ನೊಮ್ಮೆ ಓದಬಹುದು. ಫಲಕದಿಂದ ಪಂಗಡದ ಹೆಸರು ಅಳಿಸುವುದು ಸುಲಭ. ಒಳಗೆ ಪ್ರಶ್ನೆ ಕೇಳುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಜಾಗ ಉಳಿಸುವುದು ಎಷ್ಟು ಕಷ್ಟವೆಂದು ಉಡುಪಿಯಿಂದ ವಾಂಟೇಜ್‌ವರೆಗೆ ಆ ಕುಟುಂಬದ ಎರಡು ತಲೆಮಾರು ಅನುಭವಿಸಿ ತೋರಿಸಿವೆ.